ಫೋನಿನಲ್ಲಿ ಬರುವ ತರಬೇತಿ

(ಗೂಗಲ್ ಗ್ರಾಮದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಗೂಗಲ್‌ಗೆ ಹೊರಟಿದ್ದೇನೆ ಎಂದರೆ ಹೊರಗಿನವರು ನಗುತ್ತಾರೆ. ಕೃಷ್ಣೆಯ ದಂಡೆಯ ಈ ಊರು ಫೋನಿನ ಗೂಗಲ್‌ಗಿಂತ ಬಹಳ ಹಳೆಯದೆಂದು ಅವರಿಗೇನು ಗೊತ್ತು! ಇವತ್ತಿನ ಮಾತು ಮಾತ್ರ ಫೋನಿನದೇ.

ಮೊದಲು ತರಬೇತಿ ಎಂದರೆ ಮನೆ ಬಿಟ್ಟು ರಾಯಚೂರಿಗೆ ಹೋಗಬೇಕಿತ್ತು. ಗಂಡನನ್ನು ಒಪ್ಪಿಸಬೇಕು, ಅತ್ತೆಯನ್ನು ಒಪ್ಪಿಸಬೇಕು, ಕೂಸನ್ನು ಎತ್ತಿಕೊಂಡು ಹೋಗಬೇಕು. 2020ರ ಲಾಕ್‌ಡೌನಿನಿಂದ ಸಂಸ್ಥೆಗಳ ಕಾರ್ಯಕರ್ತೆಯರಿಗೆ, ಸ್ವಯಂಸೇವಕಿಯರಿಗೆ ಪಾಠಗಳು ಹೆಚ್ಚಾಗಿ ಫೋನಿನಲ್ಲೇ ಬರತೊಡಗಿದವು. ಬೆಂಗಳೂರಿನ ನಿಮ್ಹಾನ್ಸ್ 2022ರಲ್ಲಿ ಕೇಂದ್ರ ಸರ್ಕಾರದ ಜೊತೆ ಸೇರಿ, ನೊಂದ ಹೆಂಗಸರಿಗೆ ನೆರವಾಗುವ 'ಸಖಿ' ಕೇಂದ್ರಗಳ ಸಿಬ್ಬಂದಿಗಾಗಿ 'ಸ್ತ್ರೀ ಮನೋರಕ್ಷಾ' ತರಬೇತಿ ಶುರುಮಾಡಿತು.

ಆದರೆ ಇದು ಹೊಲಿಗೆ ತರಬೇತಿಯ ಹಾಗಲ್ಲ. ಹೊಡೆಯುವುದಷ್ಟೇ ಅಲ್ಲ, ಹೀನಾಯವಾಗಿ ಬೈಯುವುದು, ಖರ್ಚಿಗೆ ಕೊಡದಿರುವುದು, ವರದಕ್ಷಿಣೆಗಾಗಿ ಪೀಡಿಸುವುದೂ ದೌರ್ಜನ್ಯವೇ ಎನ್ನುತ್ತದೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಈ ಮಾತು ಹೊಡೆಯುವವನ ಎದುರಿಗೇ, ಅವನದೇ ಫೋನಿನಿಂದ ಜೋರಾಗಿ ಕೇಳಿಬಂದರೆ ಗತಿಯೇನು? ಪಾಠ ಹೇಳುವವರಿಗೆ ನಮ್ಮ ಮುಖ ಕಂಡೀತು; ಬಾಗಿಲ ಮರೆಯಲ್ಲಿ ನಿಂತವರು ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗಿದೆಯೇ ಎಂದು ಅವರು ಕೇಳಿದರೆ ಉತ್ತರ ಕೊಡಲೇಬೇಕೆಂದಿಲ್ಲ.

ಅದಕ್ಕೇ ಹೇಳುವುದು, ಮನೆಯಲ್ಲಿ ಕೇಳಬೇಡಿ. ಸಂಘದ ಸಭೆಯ ದಿನ ಒಂದೇ ಫೋನಿನ ಸುತ್ತ ಎಂಟು-ಹತ್ತು ಜನ ಕೂತು ಕೇಳಿ. ನಡುನಡುವೆ ನಿಲ್ಲಿಸಿ ನಮ್ಮ ಮಾತಿನಲ್ಲಿ ಹೇಳಿಕೊಳ್ಳಿ. ಓದು ಬಾರದ ಅಕ್ಕನೇ ಎಷ್ಟೋ ಸಲ ಸರಿಯಾದ ಪ್ರಶ್ನೆ ಕೇಳುತ್ತಾಳೆ. ಇನ್ನು ವಾಟ್ಸಾಪ್ ಗುಂಪಿಗೆ ನೊಂದವಳ ಹೆಸರು, ಗಾಯದ ಫೋಟೊ ಹಾಕಲೇಬೇಡಿ. ಅದು ಸಂಜೆಯೊಳಗೆ ಅವಳ ಗಂಡನ ಮನೆಗೇ ಮುಟ್ಟೀತು.

ಪಾಠ ಮುಗಿದರೆ ಪ್ರಮಾಣಪತ್ರ ಕೊಡುತ್ತಾರೆ. ಕಟ್ಟು ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ನಡುರಾತ್ರಿ ಪೆಟ್ಟು ತಿಂದು ಬಂದವಳಿಗೆ ಬೇಕಾದದ್ದು ನೀರು, ಮಲಗಲು ಜಾಗ, 112ಕ್ಕೋ 181ಕ್ಕೋ ಒಂದು ಫೋನು. ಗಾಯವಾಗಿದ್ದರೆ ಕೂಡಲೇ ದವಾಖಾನೆ. ಆಮೇಲೆ ಸಂರಕ್ಷಣಾಧಿಕಾರಿ, ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಆ ಹೊಣೆ ಇದೆ. ಅವಳು ಒಪ್ಪಿದರೆ, ನೋಂದಾಯಿಸಿಕೊಂಡ ಸೇವಾ ಸಂಸ್ಥೆಯವರೂ ಘಟನೆಯ ವರದಿ ಬರೆಯಬಹುದು. ತಪ್ಪು ಬರೆದರೆ ಕೋರ್ಟಿನಲ್ಲಿ ಪೆಟ್ಟು ಅವಳಿಗೇ. ವಕೀಲರ ಖರ್ಚಿಗೆ ಹೆದರಬೇಡಿ, ಹೆಂಗಸರಿಗೆ ಕಾನೂನು ನೆರವು ಉಚಿತ; ನಂಬರು 15100.

ಈಗ ಫೋನುಗಳನ್ನು ಬದಿಗಿಡಿ. ಒಬ್ಬರು ನೊಂದು ಬಂದವಳಾಗಿ, ಒಬ್ಬರು ಕಾರ್ಯಕರ್ತೆಯಾಗಿ ಎದುರುಬದುರು ಕೂತುಕೊಳ್ಳಿ. ಕಾರ್ಯಕರ್ತೆ ಮೊದಲು ಏನು ಕೇಳುತ್ತಾಳೆ, ನೋಡೋಣ.