ಈಜುಕೊಳದ ನೀರು ಯಾಕೆ ಖಾಲಿ ಮಾಡಿದ್ರು?

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಇಂಜಿನಿಯರಿಂಗ್ ಓದಿದವನು, ಲೆಕ್ಕದ ಚಟ ಬಿಡೋಕಾಗಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಹತ್ತು ಮೀಟರ್ ಎತ್ತರ. ಅಂದ್ರೆ ಹೆಚ್ಚೂಕಡಿಮೆ ಮೂರು ಅಂತಸ್ತಿನ ಮನೆಯ ತಾರಸಿ. ಅಲ್ಲಿಂದ ಬಿದ್ದ ಮನುಷ್ಯ ನೀರು ಮುಟ್ಟೋಕೆ ಒಂದೂವರೆ ಸೆಕೆಂಡೂ ಬೇಡ. ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಆ ವೇಗದಲ್ಲಿ ಹೊಟ್ಟೆ ಅಡಿಯಾಗಿ ಬಿದ್ರೆ ನೀರು ನೀರಾಗಿರಲ್ಲ, ಕಲ್ಲುಚಪ್ಪಡಿ ಆಗಿರುತ್ತೆ. ಡೈವಿಂಗ್ ಸ್ಪರ್ಧಿ ಚಿಮ್ಮಿ ಮೇಲೇಳೋ ಕ್ಷಣವೂ ಸೇರಿ ಎರಡು ಸೆಕೆಂಡಿನೊಳಗೆ ಪಲ್ಟಿ ಮೇಲೆ ಪಲ್ಟಿ ಹೊಡೆದು, ಮೈ ನೆಟ್ಟಗೆ ಮಾಡಿ, ಬಟ್ಟೆಯೊಳಗೆ ಸೂಜಿ ಇಳಿದ ಹಾಗೆ ನೀರಿಗೆ ಇಳೀಬೇಕು. ನೀರು ಎರಚಿದ್ರೆ ಅಂಕ ಹೋಯ್ತು.

ಕಾಲೇಜು ದಿನಗಳಲ್ಲಿ ನಾನೂ ಒಂದು ಈಜುಕೊಳದಲ್ಲಿ ಐದು ಮೀಟರ್ ಹಲಗೆ ಹತ್ತಿದ್ದೆ. ಕೆಳಗೆ ನೋಡಿದೆ. ಹತ್ತಿದ ಏಣಿಯಲ್ಲೇ ಮರ್ಯಾದೆಯಿಂದ ಇಳಿದು ಬಂದೆ. ಹಾಗಾಗಿ ಹೇಳ್ತಿದ್ದೀನಿ, ಇದು ಬರೀ ಧೈರ್ಯದಿಂದ ಆಗೋ ಕೆಲಸ ಅಲ್ಲ. ದಿನಾ ಮಾಡಬೇಕು. ತಲೆ ಕೆಳಗಾಗಿ ತಿರುಗುವಾಗಲೂ ನೀರು ಎಲ್ಲಿದೆ ಅಂತ ಮೈಗೆ ಗೊತ್ತಾಗೋವರೆಗೂ ಮಾಡಬೇಕು.

ಹೀಗೆ ದಿನಾ ಮಾಡಬೇಕಾದ ಕೆಲಸಕ್ಕೆ ವಾರದಲ್ಲಿ ಒಂದೇ ದಿನ ಬಾಗಿಲು ತೆಗೆದ್ರೆ?

ಸ್ಯಾಮಿ ಲೀ ಅಂತ ಒಬ್ಬ ಹುಡುಗ. ಹುಟ್ಟಿದ್ದು 1920ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ. ಅಪ್ಪ ಅಮ್ಮ ಕೊರಿಯಾದಿಂದ ವಲಸೆ ಹೋದವರು. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಇವನಿಗೆ ಹನ್ನೆರಡು ವರ್ಷ. ನಾನೂ ಒಲಿಂಪಿಕ್ಸ್ ಚಾಂಪಿಯನ್ ಆಗ್ತೀನಿ ಅಂತ ಆಗಲೇ ತೀರ್ಮಾನ ಮಾಡಿಬಿಟ್ಟ. ಅಪ್ಪನ ಆಸೆ ಬೇರೆ: ಮಗ ಡಾಕ್ಟರ್ ಆಗಬೇಕು.

ಅಭ್ಯಾಸಕ್ಕೆ ಇದ್ದದ್ದು ಪಾಸಡೀನಾ ಊರಿನ ಬ್ರೂಕ್‌ಸೈಡ್ ಈಜುಕೊಳ. ಅದು ಸಾರ್ವಜನಿಕ ಕೊಳ. ಆದರೆ ಬಿಳಿಯರಲ್ಲದವರಿಗೆ ಅಲ್ಲಿ ವಾರಕ್ಕೆ ಒಂದೇ ದಿನ ಪ್ರವೇಶ. ಆ ದಿನಕ್ಕೆ ಇಟ್ಟಿದ್ದ ಹೆಸರು ಕೇಳಿ: 'ಇಂಟರ್‌ನ್ಯಾಷನಲ್ ಡೇ'. ಎಷ್ಟು ಗೌರವದ ಹೆಸರು ಅಲ್ವಾ? ಆ ದಿನ ಮುಗಿದ ಮೇಲೆ ಕೊಳದ ನೀರು ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿಸಿ, ಆಮೇಲೆ ಬಿಳಿಯರನ್ನ ಒಳಗೆ ಬಿಡ್ತಿದ್ರು.

ಛೇ, ಅಮೆರಿಕದಲ್ಲಿ ಹೀಗಾ ಅಂತ ಹುಬ್ಬೇರಿಸೋ ಮೊದಲು ಒಂದು ಮಾತು. 1927ರಲ್ಲಿ ಮಹಾಡ್‌ನ ಚೌದಾರ್ ಕೆರೆಯ ನೀರನ್ನ ಡಾ. ಅಂಬೇಡ್ಕರ್ ಮತ್ತು ಅವರ ಸಂಗಾತಿಗಳು ಕುಡಿದ ಮೇಲೆ, ಕೆರೆ 'ಶುದ್ಧ' ಮಾಡೋಕೆ ಸಗಣಿ, ಗಂಜಲ ಸುರಿಸಿ ಮಂತ್ರ ಹೇಳಿಸಿದ್ದು ನಮ್ಮ ದೇಶದಲ್ಲೇ. ಮನುಷ್ಯ ಮುಟ್ಟಿದ್ರೆ ನೀರು ಕೆಡುತ್ತೆ ಅನ್ನೋ ಕಾಯಿಲೆಗೆ ಪಾಸ್‌ಪೋರ್ಟ್ ಬೇಕಿಲ್ಲ.

ಸರಿ, ವಾರದ ಉಳಿದ ದಿನ ಸ್ಯಾಮಿ ಏನು ಮಾಡ್ತಿದ್ದ? ಜಿಮ್ ರಯಾನ್ ಅನ್ನೋ ಕೋಚ್ ತನ್ನ ಮನೆ ಹಿತ್ತಿಲಲ್ಲಿ ಗುಂಡಿ ತೋಡಿ, ಮರಳು ತುಂಬಿಸಿ, ಅದರ ಮೇಲೆ ಹಲಗೆ ಹಾಕಿಕೊಟ್ಟ. ಒಲಿಂಪಿಕ್ಸ್ ಕನಸಿನ ಹುಡುಗ ಮರಳಿಗೆ ಹಾರಿದ. ಮರಳಿಗೆ ತಲೆ ಕೊಡೋಕಾಗುತ್ತಾ? ಪಲ್ಟಿ ಹೊಡೆದು ಕಾಲ ಮೇಲೆ ಇಳೀಬೇಕು. ಕಾಲು ಗಟ್ಟಿಯಾಯ್ತು, ಚಿಮ್ಮೋ ಶಕ್ತಿ ಬಂತು.

1942ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದ. ಆದರೆ ಯುದ್ಧ, 1940 ಮತ್ತು 1944ರ ಒಲಿಂಪಿಕ್ಸ್ ಎರಡೂ ರದ್ದು. ಆ ವರ್ಷಗಳಲ್ಲಿ ಆತ ಓದಿದ, 1947ರಲ್ಲಿ ಡಾಕ್ಟರ್ ಆದ. ಮರುವರ್ಷ ಲಂಡನ್‌ನಲ್ಲಿ ಹತ್ತು ಮೀಟರ್ ಪ್ಲಾಟ್‌ಫಾರ್ಮ್‌ನಲ್ಲಿ ಚಿನ್ನ, ಮೂರು ಮೀಟರ್ ಸ್ಪ್ರಿಂಗ್‌ಬೋರ್ಡ್‌ನಲ್ಲಿ ಕಂಚು. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ, ಅದೂ ತನ್ನ 32ನೇ ಹುಟ್ಟುಹಬ್ಬದ ದಿನ. ಪ್ಲಾಟ್‌ಫಾರ್ಮ್ ಚಿನ್ನವನ್ನ ಎರಡನೇ ಸಲ ಉಳಿಸಿಕೊಂಡ ಮೊದಲ ಪುರುಷ ಆತ.

ಸಿನಿಮಾ ಆಗಿದ್ರೆ ಇಲ್ಲಿಗೆ 'ಶುಭಂ'. ಬದುಕು ಹಾಗಲ್ಲ. ಎರಡು ಚಿನ್ನ ಗೆದ್ದ ಈ ಡಾಕ್ಟರ್, ಸೇನೆಯ ವೈದ್ಯನಾಗಿ ಕೊರಿಯಾದಲ್ಲಿ ಸೇವೆ ಮಾಡಿ ಬಂದ ಮೇಲೆ, 1955ರಲ್ಲಿ ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವ್‌ನಲ್ಲಿ ಮನೆ ಕೊಳ್ಳೋಕೆ ಹೋದ್ರು. ಕೊಡಲ್ಲ ಅಂದ್ರು. ಕಾರಣ? ನೀವು ಬಿಳಿಯರಲ್ಲ. ದೇಶಕ್ಕೆ ಪದಕ ಬೇಕು, ಪಕ್ಕದ ಮನೆಗೆ ಪದಕ ಗೆದ್ದವನು ಬೇಡ.

ಈಗ ನನ್ನ ತಪ್ಪೊಂದನ್ನ ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ನಾನೊಂದು ವರದಿ ಮಾಡಿದ್ದೆ. ಬರಿಗಾಲಲ್ಲಿ ಟಾರು ರಸ್ತೆ ಮೇಲೆ ಓಡೋ ಹಳ್ಳಿ ಹುಡುಗಿ. ಬೆಳಗಿನ ಬಿಸಿಲು, ಸ್ಲೋ ಮೋಷನ್, ಹಿನ್ನೆಲೆಯಲ್ಲಿ ಕೊಳಲು. 'ಛಲವೊಂದಿದ್ದರೆ ಸಾಕು' ಅಂತ ಗಂಟಲು ಬಿಗಿ ಮಾಡಿಕೊಂಡು ಓದಿದ್ದೆ. ಜನ ಮೆಚ್ಚಿದ್ರು. ಆದರೆ ಆ ಊರಿನ ಪಕ್ಕದಲ್ಲೇ ಒಂದು ಮೈದಾನ ಇತ್ತು. ಅದಕ್ಕೆ ಬೀಗ ಇತ್ತು. ನಮ್ಮ ಕ್ಯಾಮೆರಾದಲ್ಲಿ ಗೇಟು ಬಂದಿತ್ತು, ಎಡಿಟಿಂಗ್‌ನಲ್ಲಿ ಕತ್ತರಿಸಿದ್ವಿ. ಕಥೆಯ ಲಯ ಕೆಡುತ್ತೆ ಅಂತ. ಬೀಗ ಯಾಕೆ ಹಾಕಿದ್ದೀರಿ ಅಂತ ಒಬ್ಬರನ್ನೂ ನಾನು ಕೇಳಲಿಲ್ಲ.

ಸ್ಯಾಮಿ ಲೀ ಬಗ್ಗೆ ಓದುವಾಗ ಆ ಗೇಟು ನೆನಪಾಯ್ತು. ಕಷ್ಟವೇ ಚಾಂಪಿಯನ್ನರನ್ನ ಹುಟ್ಟಿಸುತ್ತೆ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ. ಸುಳ್ಳು. ಸ್ಯಾಮಿಗೆ ಒಬ್ಬ ಜಿಮ್ ರಯಾನ್ ಸಿಕ್ಕಿದ. ಹಿತ್ತಿಲು ಸಿಕ್ಕಿತು, ಗುಂಡಿ ತೋಡೋ ಕೈ ಸಿಕ್ಕಿತು. ಅದೇ ಕೊಳದ ಹೊರಗೆ ನಿಂತು ವಾಪಸ್ ಹೋದ ಉಳಿದ ಮಕ್ಕಳಿಗೆ? ಅವರ ಹೆಸರು ನಮಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡೋದೇ ಆ ಬೀಗದ ಕೆಲಸ.

ಸ್ಯಾಮಿ ಲೀ ಇದನ್ನ ಮರೀಲಿಲ್ಲ ಅನ್ಸುತ್ತೆ. ಕಿವಿ, ಮೂಗು, ಗಂಟಲಿನ ವೈದ್ಯರಾಗಿ ದುಡೀತಾ, ಬೇರೆಯವರ ಮಕ್ಕಳಿಗೆ ಡೈವಿಂಗ್ ಕಲಿಸಿದ್ರು. ಗ್ರೆಗ್ ಲೂಗಾನಿಸ್ ಅನ್ನೋ ಹುಡುಗನನ್ನ ತಮ್ಮ ಮನೆಯಲ್ಲೇ ಇಟ್ಟುಕೊಂಡು ತಯಾರು ಮಾಡಿದ್ರು. ಆತ 1976ರ ಮಾಂಟ್ರಿಯಲ್‌ನಲ್ಲಿ ಹದಿನಾರನೇ ವಯಸ್ಸಿಗೇ ಬೆಳ್ಳಿ ಗೆದ್ದ. ಮುಂದೆ ಬೇರೆ ಕೋಚ್ ಕೈಯಲ್ಲಿ 1984 ಮತ್ತು 1988ರಲ್ಲಿ ಎರಡೆರಡು ಚಿನ್ನ ಗೆದ್ದ. ಸ್ಯಾಮಿ ಲೀ ತೀರಿಕೊಂಡಿದ್ದು 2016ರ ಡಿಸೆಂಬರ್‌ನಲ್ಲಿ, 96ನೇ ವಯಸ್ಸಿನಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಈಗ ಅವರ ಹೆಸರಿನ ಶಾಲೆ ಇದೆ.

ಮರಳಿನ ಗುಂಡಿಗೆ ನನ್ನದೊಂದು ನಮಸ್ಕಾರ. ಆದರೆ ಅದನ್ನ ಹೊಗಳೋ ಭರದಲ್ಲಿ ಈಜುಕೊಳದ ಬಾಗಿಲು ಮರೆಯೋದು ಬೇಡ. ಮುಂದಿನ ಸಲ ನನ್ನಂಥ ಆ್ಯಂಕರ್ ಒಬ್ಬ ಕೊಳಲು ಹಾಕಿ ಛಲದ ಕಥೆ ಹೇಳೋಕೆ ಬಂದ್ರೆ, ಕಣ್ಣೊರೆಸಿಕೊಳ್ಳೋ ಮೊದಲು ಒಂದೇ ಪ್ರಶ್ನೆ ಕೇಳಿ: ಬೀಗದ ಕೈ ಯಾರ ಹತ್ರ ಇದೆ?