ಹಲವರ ಪರವಾಗಿ ಒಂದು ರಾಜಿ



ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿ ರೈತನೊಬ್ಬ ವ್ಯಾಪಾರಿಗೆ ಹಲಸು ಮಾರುವಾಗ ನಾಲ್ಕು ಮಾತು ಇತ್ಯರ್ಥವಾಗಬೇಕು. ಎಷ್ಟು ಕಾಯಿ, ಏನು ಬೆಲೆ, ಹಣ ಯಾವಾಗ, ಸಾಗಣೆ ಯಾರದು. ಇವುಗಳಲ್ಲಿ ಒಂದು ಬದಲಾದರೂ ವ್ಯವಹಾರವೇ ಬೇರೆಯಾಗುತ್ತದೆ. ಇಂಥವನ್ನು ಒಪ್ಪಂದದ ಮುಖ್ಯ ಷರತ್ತುಗಳೆನ್ನುತ್ತೇವೆ.

ಇಲ್ಲಿ ರೈತ ತನ್ನ ಮಾತನ್ನು ತಾನೇ ಆಡುತ್ತಾನೆ. ಆದರೆ ಕಾರ್ಖಾನೆಯ ಕೊಳಕು ನೀರಿನಿಂದ ಒಂದು ಕೆರೆ ಕೆಟ್ಟು, ಐನೂರು ಕುಟುಂಬಗಳ ತೋಟ ಹಾಳಾಯಿತೆಂದು ಭಾವಿಸೋಣ. ಐನೂರು ದಾವೆಗಳು ಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮದಂತೆ, ನ್ಯಾಯಾಲಯದ ಅನುಮತಿ ಪಡೆದು ಕೆಲವರು ಎಲ್ಲರ ಪರವಾಗಿ ದಾವೆ ಹೂಡಬಹುದು. ತೀರ್ಪು ಎಲ್ಲರಿಗೂ ಅನ್ವಯಿಸುತ್ತದೆ.

ಹಾಗಾದರೆ ಮುಂದೆ ನಿಂತ ಕೆಲವರೇ ಕಂಪನಿಯೊಡನೆ ರಾಜಿಯಾಗಬಹುದೆ? 1976ರ ತಿದ್ದುಪಡಿಯಿಂದ ಸೇರಿದ 23ನೇ ಆದೇಶದ 3-ಬಿ ನಿಯಮ ಇದಕ್ಕೆ ಉತ್ತರ ಹೇಳುತ್ತದೆ. ನ್ಯಾಯಾಲಯದ ಅನುಮತಿ ಇಲ್ಲದ ರಾಜಿ ಅಸಿಂಧು. ಅನುಮತಿ ಕೊಡುವ ಮೊದಲು, ಸಂಬಂಧಪಟ್ಟವರೆಂದು ಕಂಡುಬಂದವರಿಗೆ ನೋಟಿಸು ಹೋಗಬೇಕು.

ಈ ಎಚ್ಚರ ಏಕೆ ಬೇಕೆಂಬುದನ್ನು ಭೋಪಾಲದ ಪ್ರಕರಣ ತೋರಿಸುತ್ತದೆ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. 1985ರ ವಿಶೇಷ ಕಾಯಿದೆಯ ಮೂಲಕ ಸಂತ್ರಸ್ತರೆಲ್ಲರ ಪರವಾಗಿ ಮೊಕದ್ದಮೆ ನಡೆಸುವ ಹಕ್ಕನ್ನು ಕೇಂದ್ರ ಸರ್ಕಾರ ಪಡೆಯಿತು. 1989ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟಿನಲ್ಲಿ ರಾಜಿಯಾಯಿತು. ಮೊತ್ತ 47 ಕೋಟಿ ಡಾಲರು. ಅದಕ್ಕೆ ಪ್ರತಿಯಾಗಿ ಸಿವಿಲ್ ದಾವೆಗಳಷ್ಟೇ ಅಲ್ಲ, ಕ್ರಿಮಿನಲ್ ಮೊಕದ್ದಮೆಗಳೂ ಮುಗಿಯಬೇಕಾಗಿತ್ತು. ಸಂತ್ರಸ್ತರ ಮಾತನ್ನು ಮೊದಲು ಕೇಳಿರಲಿಲ್ಲ.

ಪತ್ರಿಕೆಗಳಲ್ಲಿ ದೊಡ್ಡದಾಗಿ ಕಾಣುವುದು ಮೊತ್ತ. ಆದರೆ ಅದನ್ನು ಎಷ್ಟು ಜನರಿಗೆ ಹಂಚಬೇಕು? ರಾಜಿಯ ವೇಳೆ ಸಾವಿನ ಲೆಕ್ಕ ಸುಮಾರು 3,000 ಎಂದಿತ್ತು. ನಂತರ ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ ಅದು 5,295 ಆಯಿತು. ಜನ ಹೆಚ್ಚಿದರೂ ಮೊತ್ತ ಹೆಚ್ಚಲಿಲ್ಲ.

1991ರ ಅಕ್ಟೋಬರ್ 3ರಂದು ಮರುಪರಿಶೀಲನೆಯ ತೀರ್ಪು ಬಂತು. ಬಹುಮತದ ತೀರ್ಪು ಬರೆದವರು ಕನ್ನಡಿಗರಾದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ಮೊತ್ತ ಹಾಗೆಯೇ ಉಳಿಯಿತು. ಕ್ರಿಮಿನಲ್ ಮೊಕದ್ದಮೆ ರದ್ದಾಗಿದ್ದುದು ತೆರವಾಯಿತು. ಹಣ ಸಾಲದೆ ಬಂದರೆ ಕೊರತೆಯನ್ನು ಕೇಂದ್ರ ಸರ್ಕಾರ ತುಂಬಬೇಕೆಂದೂ ಹೇಳಲಾಯಿತು. ಹೆಚ್ಚಿನ ಹಣಕ್ಕಾಗಿ ಸರ್ಕಾರ ಮುಂದೆ ಸಲ್ಲಿಸಿದ ಅರ್ಜಿಯನ್ನು 2023ರ ಮಾರ್ಚ್ 14ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು.

ಆದ್ದರಿಂದ, ಮಿತ್ರರೆ, ಹಲವರ ಪರವಾದ ಯಾವುದೇ ರಾಜಿಪತ್ರ ಓದುವಾಗ ಮೊತ್ತದಲ್ಲೇ ನಿಲ್ಲಬೇಡಿ. ಯಾರು ಯಾರು ಇದರೊಳಗೆ ಬರುತ್ತಾರೆ? ಹಣವನ್ನು ಯಾರು, ಯಾವ ಕ್ರಮದಲ್ಲಿ ಹಂಚುತ್ತಾರೆ? ಪಡೆಯುವವರು ಯಾವ ಹಕ್ಕು ಬಿಟ್ಟುಕೊಡುತ್ತಿದ್ದಾರೆ? ನಾಳೆ ತಿಳಿದುಬರುವ ನಷ್ಟಕ್ಕೆ ಹೊಣೆ ಯಾರು? ಸಹಿ ಹಾಕದವರಿಗೆ ಸುದ್ದಿ ಮುಟ್ಟಿದೆಯೆ? ಈ ಐದು ಪ್ರಶ್ನೆಗಳನ್ನು ಸಹಿ ಬೀಳುವ ಮೊದಲೇ ಕೇಳಬೇಕು.