ಜೀಪು ಕೊಳ್ಳುವ ಮುನ್ನ

ನಿಘಂಟಿನಲ್ಲಿ ಒಂದೇ ಶಬ್ದಕ್ಕೆ ಹಲವು ಅರ್ಥಗಳಿರುವುದುಂಟು. 'ಹರಿ' ಎಂದರೆ ವಿಷ್ಣು. ಸಿಂಹವೂ ಹೌದು, ಕುದುರೆಯೂ ಹೌದು, ಕಪಿಯೂ ಹೌದು. ಸಂದರ್ಭವನ್ನರಿತು ಅರ್ಥ ಹೇಳಬೇಕು. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪೇಟೆಯಲ್ಲಿ 'ಜೀಪು' ಎಂಬ ಶಬ್ದದ ಸ್ಥಿತಿಯೂ ಹೀಗೆಯೇ ಆಗಿದೆ. ಮೇಲೆ ತಾಡಪತ್ರಿಯ ಹೊದಿಕೆ, ಹಿಂದೆ ಎದುರುಬದುರು ಆಸನ ಇದ್ದರಾಯಿತು, ಅದು ಜೀಪು. ಶ್ಲೋಕದ ಅರ್ಥ ತಪ್ಪಿದರೆ ಹೋಗುವುದು ಮಾನವಷ್ಟೆ. ಜೀಪಿನ ಅರ್ಥ ತಪ್ಪಿದರೆ ಹೋಗುವುದು ಗಂಟು.

ಮೂಡಲಗಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಕಬ್ಬಿನ ಬಿಲ್ಲಿನ ಹಣವನ್ನು ಕಟ್ಟಿಕೊಂಡು ಮನೆಗೆ ಬಂದ. "ಸರ, ಮಿಲ್ಟ್ರಿ ಜೀಪ ಸಿಕ್ಕೈತ್ರಿ, ಯುದ್ಧದ ಕಾಲದ್ದು. ಕಾಗದಪತ್ರ ನೀವs ನೋಡಬೇಕ್ರಿ" ಎಂದ. ದಲಾಲಿಯು ಹೆಸರಿಗಾಗಿಯೇ ದುಪ್ಪಟ್ಟು ಬೆಲೆ ಹೇಳಿದ್ದ. ಕಾಗದಕ್ಕಿಂತ ಮೊದಲು ಗಾಡಿಯನ್ನೇ ಓದೋಣವೆಂದು ಇಬ್ಬರೂ ಹೊರಟೆವು.

ಗಾಡಿಯನ್ನು ಓದುವ ಕ್ರಮವನ್ನು ನಿಮಗೂ ಹೇಳುತ್ತೇನೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಕಂಪನಿ ೧೯೪೧ರಿಂದ ೧೯೪೫ರವರೆಗೆ 'ಎಂ.ಬಿ.' ಎಂಬ ಜೀಪನ್ನು ಮಾಡಿತು. ಅದೇ ನಕ್ಷೆಯಂತೆ ಫೋರ್ಡ್ ಕಂಪನಿ ಮಾಡಿದ್ದು 'ಜಿ.ಪಿ.ಡಬ್ಲ್ಯೂ.' ಇವೆರಡೂ ಅವಳಿಜವಳಿ. ಆದರೂ ವಿಲ್ಲಿಸ್‌ನ ಚಾಸಿಗೆ ಮುಂಭಾಗದಲ್ಲಿರುವ ಅಡ್ಡಪಟ್ಟಿ ದುಂಡು ಕೊಳವೆ. ಫೋರ್ಡಿನದು ಬೋರಲು ಹಾಕಿದ ಕಾಲುವೆಯಂತೆ. ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಒತ್ತುತ್ತಿದ್ದರು. ಆರಂಭದ ಕೆಲವನ್ನು ಬಿಟ್ಟರೆ ಯುದ್ಧದ ಜೀಪಿನ ಮುಖದ ಜಾಲರಿಗೆ ೯ ಸೀಳುಗಳು. ದೀಪಗಳು ಚಿಕ್ಕವು, ಒಳಗೆ ಹುದುಗಿದವು. ಹಿಂದೆ ತೆರೆಯುವ ಬಾಗಿಲಿಲ್ಲ. ಪೆಟ್ರೋಲು ಹಾಕುವ ಬಾಯಿ ಚಾಲಕನ ಆಸನದ ಕೆಳಗೆ, ಸ್ಟೇರಿಂಗು ಎಡಕ್ಕೆ.

ಯುದ್ಧ ಮುಗಿದ ಮೇಲೆ ೧೯೪೫ರಲ್ಲಿ ರೈತರಿಗಾಗಿ ಬಂದದ್ದು 'ಸಿ.ಜೆ.–೨ಎ'. ಸಿ.ಜೆ. ಎಂದರೆ ಸಿವಿಲಿಯನ್ ಜೀಪು, ನಾಗರಿಕರದು. ಇದರ ಜಾಲರಿಗೆ ೭ ಸೀಳುಗಳು, ದೀಪಗಳು ದೊಡ್ಡವು, ಹಿಂದೆ ತೆರೆಯುವ ಬಾಗಿಲು. ಬಳಿಕ ಮುಂಗಾಜು ಒಂದೇ ತುಂಡಾಗಿರುವ 'ಸಿ.ಜೆ.–೩ಎ' ಬಂತು. ೧೯೫೩ರಲ್ಲಿ ಬಂದದ್ದು 'ಸಿ.ಜೆ.–೩ಬಿ', ಇದನ್ನು ದೂರದಿಂದಲೇ ಗುರುತಿಸಬಹುದು, ಏಕೆಂದರೆ ಇದರ ಬಾನೆಟ್ಟು ಎತ್ತರ. ಹಳೆಯ ಎಂಜಿನ್ನಿನಲ್ಲಿ ಎರಡು ಬಗೆಯ ವಾಲ್ವುಗಳೂ ಪಕ್ಕದಲ್ಲಿದ್ದವು; ಹೊಸದರಲ್ಲಿ ಗಾಳಿ ಒಳಗೆಳೆಯುವ ವಾಲ್ವುಗಳನ್ನು ಮೇಲಕ್ಕೆ ಇಟ್ಟರು. ಬಲ ಹೆಚ್ಚಿತು, ಎಂಜಿನ್ನು ಎತ್ತರವಾಯಿತು, ಮುಚ್ಚಳವೂ ಏರಲೇಬೇಕಾಯಿತು. ನಮ್ಮ ಮಹೀಂದ್ರ ಕಂಪನಿಯು ಮುಂಬಯಿಯಲ್ಲಿ ಬಹುಕಾಲ ತಯಾರಿಸಿದ್ದು ಈ ಮಾದರಿಯನ್ನೇ, ಸ್ಟೇರಿಂಗನ್ನು ಬಲಕ್ಕೆ ತಂದು. ೧೯೮೦ರ ದಶಕದಲ್ಲಿ ಬಂದ 'ಎಂ.ಎಂ. ೫೪೦' ಇದರ ವಂಶದ್ದೇ ಆದರೂ ಅದರ ಒಡಲಲ್ಲಿ ಪ್ಯೂಜೋ ಡೀಸೆಲ್ ಎಂಜಿನ್ನು. ಹಿಂದುಮುಂದಿನ ಗಾಲಿಗಳ ನಡುವಣ ಅಂತರ ೮೦ ಇಂಚಿನ ಬದಲು ೯೧.

ನನ್ನ ವಿದ್ಯಾರ್ಥಿಗೆ ತೋರಿಸಿದ ಗಾಡಿಯ ಸೀಳುಗಳನ್ನು ಅವನೇ ಎಣಿಸಿದ, ಏಳು. ಬಾನೆಟ್ಟು ಎತ್ತರ. ಅದು ೩ಬಿ. ದಲಾಲಿಯ ಮಾತು ಪೂರ್ತಿ ಸುಳ್ಳೆನ್ನಲೂ ಬಾರದು. ನಮ್ಮ ಸೈನ್ಯವೂ ಮಹೀಂದ್ರದ ಜೀಪುಗಳನ್ನು ಬಳಸಿದೆ. ಆದರೆ ಸೈನ್ಯದಲ್ಲಿದ್ದದ್ದು ಬೇರೆ, ಆ ಮಹಾಯುದ್ಧದ್ದು ಬೇರೆ. ಅರ್ಧ ಸತ್ಯಕ್ಕೆ ಪೂರ್ತಿ ಬೆಲೆ ಕೊಡಬಾರದು.

ಆಗ ನಾನು ಕೇಳಿದ್ದು ಒಂದೇ ಮಾತು: "ತಮ್ಮಾ, ಇದರಿಂದ ನಿನಗೇನು ಕೆಲಸ?" ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಆಳುಗಳನ್ನೂ ಗೊಬ್ಬರವನ್ನೂ ಒಯ್ಯಬೇಕೆಂದ. ಹಾಗಿದ್ದರೆ ನಿಜವಾದ ಯುದ್ಧದ ಜೀಪೇ ಸಿಕ್ಕರೂ ಅವನಿಗೆ ಪ್ರಯೋಜನ ಕಡಿಮೆ. ೨೦೨೧ರ ಕೇಂದ್ರ ನಿಯಮದಂತೆ ೫೦ ವರ್ಷ ದಾಟಿ ಮೂಲರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ೨೦,೦೦೦ ರೂಪಾಯಿ ಕಟ್ಟಿ ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ್ದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅದು ಪೂಜೆಯ ಬೆಳ್ಳಿ ತಂಬಿಗೆ, ಬಾವಿಗೆ ಒಯ್ಯುವ ಕೊಡವಲ್ಲ.

ದುಡಿಮೆಗೆ ಕೊಳ್ಳುವವರು ನಾಲ್ಕೂ ಗಾಲಿಗೆ ಬಲವಿದೆಯೇ ಎಂಬುದನ್ನು ಮೊದಲು ನೋಡಬೇಕು. ಹಿಂದಿನ ಎರಡು ಗಾಲಿಗಳಷ್ಟೇ ಎಳೆಯುವ ಜೀಪುಗಳನ್ನೂ ಮಹೀಂದ್ರ ಮಾರಿದೆ. ಹೊರನೋಟಕ್ಕೆ ಎರಡೂ ಒಂದೇ. ಒಳಗಿನ ಹೆಚ್ಚಿನ ಗೇರುದಂಡವನ್ನು ಕಂಡಷ್ಟಕ್ಕೆ ನಂಬದೆ, ಕೆಸರಿನಲ್ಲಿ ಓಡಿಸಿ ಮುಂದಿನ ಗಾಲಿ ಎಳೆಯುವುದನ್ನು ಕಣ್ಣಾರೆ ಕಾಣಿರಿ. ಎರಡನೆಯದಾಗಿ ಚಾಸಿಯ ಕೆಳಗೆ ಮಲಗಿ ನೋಡಿರಿ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆಯು ಲೋಳಸೂರ ಸೇತುವೆಯ ಮೇಲೆ ಹರಿದು ಗೋಕಾಕದೊಳಗೆ ನುಗ್ಗಿದ್ದನ್ನು ಮರೆತವರಾರು? ನೆರೆಯಲ್ಲಿ ನಿಂತ ಗಾಡಿಗೆ ಹೊಸ ಬಣ್ಣ ಬಳಿಯಬಹುದು, ಚಾಸಿಯ ಒಳಗಿನ ಹೂಳು ಮತ್ತು ತುಕ್ಕನ್ನು ಅಷ್ಟು ಸುಲಭವಾಗಿ ಮುಚ್ಚಲಾಗದು.

ಕೊನೆಗೆ ಕಾಗದ. ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಇಂಧನ ಈ ಮೂರೂ ಆರ್.ಸಿ. ಪುಸ್ತಕದೊಡನೆ ತಾಳೆಯಾಗಬೇಕು. ಪೆಟ್ರೋಲು ತೆಗೆದು ಡೀಸೆಲ್ ಎಂಜಿನ್ನು ಕೂಡಿಸಿದ ಜೀಪುಗಳು ಉಂಟು. ಅದು ಪುಸ್ತಕದಲ್ಲಿ ಏರದಿದ್ದರೆ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ನಿಮಗೆ ಅಡ್ಡ ಬರುತ್ತದೆ. ಖಾಸಗಿ ಗಾಡಿಯ ನೋಂದಣಿ ೧೫ ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯಾಗಿ ನವೀಕರಣ. ಅದು ತೀರಿದೆಯೇ ಎಂದು ನೋಡಿರಿ. ಹುಕ್ಕೇರಿ, ಸಂಕೇಶ್ವರದವರಿಗೆ ಕೊಲ್ಲಾಪುರ ಹತ್ತಿರ, ಎಂ.ಎಚ್. ೦೯ ಎಂಬ ಸಂಖ್ಯೆಯ ಗಾಡಿ ಅಗ್ಗವೆಂದು ತೋರಬಹುದು. ಅಲ್ಲಿಯ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ, ನಮ್ಮ ರಾಜ್ಯದ ತೆರಿಗೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಅಗ್ಗವು ಉಳಿಯುವುದೋ ಇಲ್ಲವೋ ತಿಳಿದೀತು.

ನನ್ನ ವಿದ್ಯಾರ್ಥಿ ಅಂದು ಬರಿಗೈಯಲ್ಲಿ ಮರಳಿದ; ಮುಖ ಸಣ್ಣದಾಗಿತ್ತು. ಮುಂದೆ ಕೆಲವು ತಿಂಗಳಿಗೆ ನಾಲ್ಕೂ ಗಾಲಿ ಎಳೆಯುವ, ಕಾಗದ ಸರಿಯಿದ್ದ ಒಂದು ೫೪೦ನ್ನು ತಂದು ನನ್ನ ಬಾಗಿಲಲ್ಲಿ ನಿಲ್ಲಿಸಿದ. ಅದಕ್ಕೆ ಯುದ್ಧದ ಕಥೆಯೇನೂ ಇರಲಿಲ್ಲ. ಅದರ ಗಾಲಿಗೆ ಅವನ ಹೊಲದ ಕೆಸರು ಮಾತ್ರ ಅಂಟಿತ್ತು. ಕೊಳ್ಳುವ ಮುನ್ನ ನೀವೂ ಮೊದಲು ನಿಮ್ಮ ಕೆಲಸವನ್ನು ವಿಚಾರಿಸಿರಿ, ಆಮೇಲೆ ಗಾಡಿಯನ್ನು. ಹೆಸರನ್ನು ಎಲ್ಲಕ್ಕಿಂತ ಕೊನೆಗೆ.